ಪ್ರೇಮ ಕಾದಂಬರಿ ಬರೆದು ಮುಗಿಸಿದಿರಾ? ಸಹಿ ಹಾಕುವ ಮುನ್ನ ಇಷ್ಟು ಓದಿ

ಕಾದಂಬರಿ ಇನ್ನೂ ಹದಿನೆಂಟನೇ ಅಧ್ಯಾಯದಲ್ಲಿ ಕುಂಟುತ್ತಿರುತ್ತದೆ, ಮುಖಪುಟ ಮಾತ್ರ ಸಿದ್ಧ. ಮಳೆಯಲ್ಲಿ ಒಂದೇ ಕೊಡೆ ಹಿಡಿದ ಜೋಡಿ, ಕೆಳಗೆ ಬಳುಕುವ ಅಕ್ಷರ. ಮುನ್ನುಡಿಗೆ ಹಿರಿಯರೊಬ್ಬರು ಒಪ್ಪಿದ್ದಾರೆ, ಬೆನ್ನುಡಿಗೆ ಇನ್ನೊಬ್ಬರು. ಬಿಡುಗಡೆಯ ಸಭಾಂಗಣವೂ ಗೊತ್ತಾಗಿದೆ. ‘ಪ್ರಕಾಶಕರ ಜತೆ ಏನು ಮಾತಾಗಿದೆ?’ ಎಂದು ಕೇಳಿದರೆ ಮಾತ್ರ ‘ಅವರು ತುಂಬಾ ಒಳ್ಳೆಯವರು ಸಾರ್’ ಎಂಬ ಉತ್ತರ. ಹಸ್ತಪ್ರತಿ ಓದಿಕೊಡಿ ಎಂದು ಬರುವ ಹೊಸಬರಲ್ಲಿ ಹೆಚ್ಚಿನವರನ್ನು ನಾನು ನೋಡಿರುವುದು ಇದೇ ಸ್ಥಿತಿಯಲ್ಲಿ. ಕೊನೆಗೆ ಮಾಡಬೇಕಾದದ್ದನ್ನೆಲ್ಲ ಮೊದಲೇ ಮುಗಿಸಿ, ಮೊದಲು ಮಾಡಬೇಕಾದದ್ದನ್ನು ಮರೆತಿರುತ್ತಾರೆ. ಆ ಸರದಿಯನ್ನು ನೆಟ್ಟಗೆ ಮಾಡುವುದಷ್ಟೇ ಈ ಲೇಖನದ ಕೆಲಸ.

ಅದಕ್ಕೂ ಮುನ್ನ ಒಂದು ಮಾತು. ಪ್ರೇಮ, ದಾಂಪತ್ಯ, ಮುರಿದ ಸಂಬಂಧ ಇವನ್ನೆಲ್ಲ ಬರೆಯುವುದು ಹಗುರ ಸಾಹಿತ್ಯ ಎಂದು ಮೂಗು ಮುರಿಯುವವರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅದರ ವಸ್ತು ಎಳೆಯ ವಿಧವೆಯ ಮರುಮದುವೆ. ಗಂಡು ಹೆಣ್ಣಿನ ಮನಸ್ಸಿನ ಒಳಗನ್ನು ಅಷ್ಟು ಬರೆದ ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದು ತುಂಬಿರಲಿಲ್ಲ. ಅದೇ ವರ್ಷ ‘ತುಂಗಭದ್ರ’ದ ಮೂಲಕ ಕಾದಂಬರಿ ಲೋಕಕ್ಕೆ ಬಂದ ಎಂ.ಕೆ. ಇಂದಿರಾ ಅವರಿಗೆ ನಲವತ್ತೈದು ದಾಟಿತ್ತು. ಹಾಗಾಗಿ ವಯಸ್ಸಿನ ಚಿಂತೆಯೂ ಬೇಡ, ವಸ್ತುವಿನ ಬಗ್ಗೆ ಕೀಳರಿಮೆಯೂ ಬೇಡ.

ಮೊದಲು ಹಸ್ತಪ್ರತಿ

ಬರೆದು ಮುಗಿಸಿ, ಕೆಲಕಾಲ ಪಕ್ಕಕ್ಕಿಟ್ಟು, ಮತ್ತೆ ಓದಿ ತಿದ್ದಿದ್ದೀರಿ ಎಂದೇ ಇಟ್ಟುಕೊಳ್ಳುತ್ತೇನೆ. ಇನ್ನು ಮೂರ್ನಾಲ್ಕು ಪರೀಕ್ಷೆಗಳು ಉಳಿದಿವೆ.

ಒಂದು ಕಾಗದದ ಮೇಲೆ ಕಾಲಸೂಚಿ ಬರೆಯಿರಿ. ಯಾವ ಅಧ್ಯಾಯ ಯಾವ ತಿಂಗಳು, ಯಾರ ವಯಸ್ಸು ಎಷ್ಟು, ಮದುವೆಯಾಗಿ ಎಷ್ಟು ವರ್ಷ. ಸಂಬಂಧದ ಕಥೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ. ಏಳು ವರ್ಷದ ದಾಂಪತ್ಯದಲ್ಲಿ ಹನ್ನೊಂದು ವರ್ಷದ ಮಗಳು ಶಾಲೆಯಿಂದ ಬರುತ್ತಾಳೆ, ಲೇಖಕರ ಕಣ್ಣಿಗೆ ಬೀಳುವುದೇ ಇಲ್ಲ. ಪರಸ್ಪರ ಕರೆಯುವ ರೀತಿಯನ್ನೂ ಇದೇ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಆಫೀಸಿನಲ್ಲಿ ‘ನೀವು’ ಎನ್ನುತ್ತಿದ್ದವಳು ಯಾವ ಪುಟದಲ್ಲಿ ‘ನೀನು’ ಎಂದಳು? ಮುಂದಿನ ಅಧ್ಯಾಯದಲ್ಲಿ ಕಾರಣವಿಲ್ಲದೆ ಮತ್ತೆ ‘ನೀವು’ ಆಗಿದ್ದರೆ ಓದುಗರಿಗೆ ಇಬ್ಬರೂ ಜಗಳವಾಡಿದ್ದಾರೆ ಎನ್ನಿಸುತ್ತದೆ, ನಿಮಗದು ಬೆರಳ ತಪ್ಪು ಅಷ್ಟೆ.

ಸಂಭಾಷಣೆಯನ್ನು ಗಟ್ಟಿಯಾಗಿ ಓದಿ. ಸಾಧ್ಯವಾದರೆ ಆ ಊರಿನವರಿಂದಲೇ ಓದಿಸಿ. ಹುಬ್ಬಳ್ಳಿಯ ಹುಡುಗ ‘ಹೌದೇನ್ರೀ’ ಎಂದು ಶುರುಮಾಡಿ ಎರಡನೇ ವಾಕ್ಯಕ್ಕೇ ಮೈಸೂರು ಸೇರಿಬಿಡುತ್ತಾನೆ. ಕುಂದಾಪುರ, ಕಲಬುರಗಿ, ಕೊಡಗು, ಕೋಲಾರ ಯಾವುದೇ ಇರಲಿ, ಪೂರ್ತಿ ಹಿಡಿಯಲಾಗದಿದ್ದರೆ ನಾಲ್ಕು ಪದ ಚಿಮುಕಿಸಿ ಅಭಿನಯ ಮಾಡುವುದಕ್ಕಿಂತ ಸರಳ ಕನ್ನಡದಲ್ಲೇ ಮಾತಾಡಿಸುವುದು ಮರ್ಯಾದೆ.

ಈಗ ಬರುತ್ತಿರುವ ಹಸ್ತಪ್ರತಿಗಳಲ್ಲಿ ಬಹಳಷ್ಟು ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕಂತುಕಂತಾಗಿ ಬಂದವು. ಓದುಗರು ಸಾವಿರಗಟ್ಟಲೆ ಇದ್ದಾರೆ, ದಿನವೂ ‘ಮುಂದಿನ ಕಂತು ಯಾವಾಗ ಅಕ್ಕಾ?’ ಎಂದು ಕೇಳುತ್ತಾರೆ, ಸಂತೋಷ. ಆದರೆ ಕಂತುಗಳನ್ನು ಸಾಲಾಗಿ ಅಂಟಿಸಿದರೆ ಪುಸ್ತಕವಾಗುವುದಿಲ್ಲ. ಪ್ರತಿ ಕಂತಿನ ಕೊನೆಗೂ ಬಾಗಿಲು ಬಡಿಯುತ್ತದೆ, ಫೋನು ರಿಂಗಾಗುತ್ತದೆ, ನಾಯಕಿ ಮೂರ್ಛೆ ಹೋಗುತ್ತಾಳೆ. ಪ್ರತಿ ಕಂತಿನ ಆರಂಭಕ್ಕೂ ಹಿಂದಿನದರ ಸಾರಾಂಶ. ಮೊಬೈಲಿನಲ್ಲಿ ದಿನಕ್ಕೊಂದರಂತೆ ಓದುವವರಿಗೆ ಇದು ಬೇಕಿತ್ತು. ಒಂದೇ ಕೂತಲ್ಲಿ ಓದುವವರಿಗೆ ತಲೆನೋವು. ಪುಸ್ತಕಕ್ಕೆಂದು ಮತ್ತೊಮ್ಮೆ ಬರೆಯಿರಿ. ಮೂರನೇ ಒಂದು ಭಾಗ ಕಡಿಮೆಯಾದರೆ ಗಾಬರಿಯಾಗಬೇಡಿ, ಒಳ್ಳೆಯದೇ ಆಯಿತು. ಹಾಗೆಯೇ ಆ್ಯಪ್‌ನಲ್ಲಿ ಖಾತೆ ತೆರೆಯುವಾಗ ಒಪ್ಪಿದ ಷರತ್ತುಗಳನ್ನು ತೆಗೆದು ಓದಿ. ಆ ಕಥೆಯನ್ನು ಬೇರೆಡೆ ಪ್ರಕಟಿಸಲು ಅಡ್ಡಿ ಇದೆಯೇ, ಧ್ವನಿ ಅಥವಾ ಚಿತ್ರರೂಪದ ಹಕ್ಕನ್ನು ಅವರಿಗೆ ಕೊಟ್ಟಿದ್ದೀರಾ ಎಂಬುದು ಅಲ್ಲೇ ಇರುತ್ತದೆ. ಪ್ರಕಾಶಕರು ಕೇಳುವ ಮೊದಲು ನಿಮಗೇ ಉತ್ತರ ಗೊತ್ತಿರಲಿ.

ಇನ್ನು ಕಡತ. ಯೂನಿಕೋಡ್‌ನಲ್ಲಿ, ಇಡೀ ಕಾದಂಬರಿ ಒಂದೇ ಕಡತವಾಗಿ, ಪುಟಸಂಖ್ಯೆ ಹಾಕಿ, ಮೊದಲ ಪುಟದಲ್ಲಿ ಹೆಸರು ವಿಳಾಸ ಬರೆದು ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಒಂದೊಂದೇ ಅಧ್ಯಾಯ ಕಳಿಸಬೇಡಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪಾದದ್ದನ್ನು ಯೂನಿಕೋಡ್‌ಗೆ ತಿರುಗಿಸಿದ್ದರೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಯಂತ್ರ ಎಡವುವುದು ಅಲ್ಲೇ.

ಜತೆಗೆ ಒಂದೂವರೆ ಪುಟದ ಕಥಾಸಾರ ಬೇಕು. ದಯವಿಟ್ಟು ಇದರಲ್ಲಿ ಅಂತ್ಯವನ್ನು ಬರೆಯಿರಿ. ‘ಕೊನೆಗೆ ಅವಳು ಯಾರನ್ನು ಆರಿಸಿಕೊಂಡಳು? ಓದಿಯೇ ತಿಳಿಯಬೇಕು!’ ಎಂದು ನಿಲ್ಲಿಸುವುದು ಜಾಹೀರಾತಿಗೆ ಸರಿ. ಸಂಪಾದಕರು ಕಥಾಸಾರ ಓದುವುದೇ ನಿಮಗೆ ಕಥೆ ಮುಗಿಸಲು ಬರುತ್ತದೋ ಇಲ್ಲವೋ ಎಂದು ತಿಳಿಯಲಿಕ್ಕೆ.

ಹಳೆಯ ಪ್ರೇಮಿ, ಹಳೆಯ ಪತ್ರ, ಹಳೆಯ ಹಾಡು

ಮೊದಲ ಕಾದಂಬರಿಯಲ್ಲಿ ಬರುವ ‘ಆತ’ ಅಥವಾ ‘ಆಕೆ’ ಯಾರೆಂದು ಊರಿಗೆಲ್ಲ ಗೊತ್ತಿರುವುದು ಅಪರೂಪವೇನಲ್ಲ. ‘ಇಲ್ಲಿನ ಪಾತ್ರಗಳು ಕಾಲ್ಪನಿಕ’ ಎಂಬ ಒಂದು ಸಾಲು ಹಾಕಿದರೆ ಪಾರಾದೆವು ಎಂದು ಭಾವಿಸಬೇಡಿ. ಹೆಸರು ಬದಲಿಸಿ, ಕೆಲಸ, ಊರು, ಬೀದಿ, ಕಾಲಿನ ಕುಂಟು, ಅಣ್ಣನ ಅಂಗಡಿ ಎಲ್ಲವನ್ನೂ ಹಾಗೇ ಉಳಿಸಿದರೆ ಆ ವ್ಯಕ್ತಿಯನ್ನು ಗುರುತಿಸಲು ಹೆಸರು ಬೇಕಿಲ್ಲ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಬರುತ್ತದೆ, ಸಿವಿಲ್ ದಾವೆ ಬೇರೆ. ಗುರುತಿನ ಒಂದು ಅಂಶವನ್ನಲ್ಲ, ಇಡೀ ಗುಚ್ಛವನ್ನೇ ಕದಲಿಸಿ. ಕಥೆಗೂ ಅದರಿಂದ ಲಾಭ. ನಡೆದದ್ದನ್ನು ಬಿಟ್ಟು ಬೇರೆ ಯೋಚಿಸಬೇಕಾಗುತ್ತದೆ.

ನಿಮಗೆ ಬಂದ ಪ್ರೇಮಪತ್ರ ನಿಮ್ಮದೇ, ಆದರೆ ಕಾಗದ ಮಾತ್ರ. ಅದರಲ್ಲಿರುವ ಬರವಣಿಗೆಯ ಕೃತಿಸ್ವಾಮ್ಯ ಬರೆದವರದು. ಮೊಬೈಲಿಗೆ ಬಂದ ಸಂದೇಶಗಳನ್ನೂ ಹಾಗೇ ನೋಡಿ. ಇದ್ದದ್ದನ್ನು ಇದ್ದಂತೆಯೇ ಎತ್ತಿ ಹಾಕಬೇಡಿ, ಪಾತ್ರದ ಪತ್ರವನ್ನು ನೀವೇ ಬರೆಯಿರಿ.

ಹಾಡಿನದು ಇನ್ನೂ ದೊಡ್ಡ ರೋಗ. ನಮ್ಮ ಪ್ರೇಮ ಕಾದಂಬರಿಗಳಲ್ಲಿ ಪ್ರತಿ ಅಧ್ಯಾಯದ ತಲೆಗೂ ಒಂದು ಭಾವಗೀತೆಯ ಸಾಲು, ಬಸ್ಸಿನಲ್ಲಿ ಸಿನಿಮಾ ಹಾಡು, ಜಗಳವಾದ ರಾತ್ರಿ ಪೂರ್ತಿ ಒಂದು ಪಲ್ಲವಿ. ‘ಮೈಸೂರ ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿ ತೀರಿಕೊಂಡದ್ದು 2003ರಲ್ಲಿ. ಕೃತಿಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಇರುವುದರಿಂದ ಅವರ ಕವಿತೆಗಳಿಗೆ 2063ರ ಕೊನೆಯವರೆಗೂ ಹಕ್ಕುದಾರರಿದ್ದಾರೆ. ಬೇಂದ್ರೆಯವರದು 2041ರವರೆಗೆ. ಸಿನಿಮಾ ಹಾಡಿನ ಹಕ್ಕು ಯಾರ ಕೈಯಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ. ವಿಮರ್ಶೆಗೆಂದು ಎರಡು ಸಾಲು ಎತ್ತುವುದು ಬೇರೆ, ಅಲಂಕಾರಕ್ಕೆ ಅಧ್ಯಾಯದ ಮೇಲೆ ಕೂರಿಸುವುದು ಬೇರೆ. ಅನುಮತಿ ಪತ್ರ ತನ್ನಿ, ಇಲ್ಲವೇ ಕೈಬಿಡಿ. ‘ರೇಡಿಯೊದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು’ ಎಂದರೆ ಓದುಗರ ಕಿವಿಯಲ್ಲಿ ಹಾಡು ತಾನಾಗಿ ಶುರುವಾಗುತ್ತದೆ. ಸಾಲೇ ಬೇಕು ಎನ್ನುವವರಿಗೆ ಅಕ್ಕಮಹಾದೇವಿ ಇದ್ದಾಳೆ, ಯಾರ ಅನುಮತಿಯೂ ಬೇಡ. ಅವಳಷ್ಟು ತೀವ್ರವಾಗಿ ಪ್ರೀತಿಸಿ ಬರೆದವರು ಸಿನಿಮಾದಲ್ಲೂ ಇಲ್ಲ.

ಇನ್ನೊಂದು ಪ್ರಶ್ನೆ ಮೆಲ್ಲಗೆ ಬರುತ್ತದೆ: ಶೃಂಗಾರ ಎಷ್ಟು? ‘ನಗ್ನಸತ್ಯ’, ‘ಶನಿ ಸಂತಾನ’ದ ಕಾಲದಲ್ಲಿ ಅ.ನ.ಕೃ. ಮೇಲೆ ಅಶ್ಲೀಲತೆಯ ಆರೋಪ ಎಷ್ಟು ಬಂತೆಂದರೆ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ಕಾನೂನಿನ ಭಯಕ್ಕಿಂತ ಪತ್ರಿಕೆ ಅಥವಾ ಪ್ರಕಾಶಕರ ಓದುಗರು ಯಾರು ಎಂಬುದನ್ನು ನೋಡಿ ನಿರ್ಧರಿಸಿ. ನನ್ನ ಅನುಭವದಲ್ಲಿ ಇಂಥ ದೃಶ್ಯ ತಿರಸ್ಕೃತವಾಗುವುದು ದಿಟ್ಟತನಕ್ಕಲ್ಲ, ಕೆಟ್ಟ ಬರವಣಿಗೆಗೆ.

ಎಲ್ಲಿಗೆ ಕಳಿಸುವುದು?

1965ರಲ್ಲಿ ಶುರುವಾದ ‘ಸುಧಾ’, ಆಮೇಲೆ ಬಂದ ‘ತರಂಗ’, ‘ಮಂಗಳ’ದಂಥ ವಾರಪತ್ರಿಕೆಗಳು, ತಿಂಗಳಿಗೊಂದು ಕಾದಂಬರಿ ಕೊಡುತ್ತಿದ್ದ ‘ರಾಗಸಂಗಮ’ದಂಥ ಮಾಸಿಕಗಳು ಕನ್ನಡದ ಕೌಟುಂಬಿಕ ಕಾದಂಬರಿಯನ್ನು ಸಾಕಿದವು. ಸಾಯಿಸುತೆ, ಎಚ್.ಜಿ. ರಾಧಾದೇವಿ, ಉಷಾ ನವರತ್ನರಾಂ ಅವರ ಓದುಗರು ಹುಟ್ಟಿದ್ದು ಆ ಪುಟಗಳಲ್ಲೇ. ಈಗ ಜಾಗ ಕುಗ್ಗಿದೆ, ಪೂರ್ತಿ ಮುಚ್ಚಿಲ್ಲ. ಧಾರಾವಾಹಿಯಾಗಿ ಕೊಡುವುದಾದರೆ ಪುಸ್ತಕಕ್ಕೆ ಮೊದಲೇ ಕೊಡಬೇಕು. ಅಚ್ಚಾದ ಕಾದಂಬರಿಯನ್ನು ಯಾವ ವಾರಪತ್ರಿಕೆಯೂ ಧಾರಾವಾಹಿ ಮಾಡುವುದಿಲ್ಲ. ಕಥಾಸಾರದ ಜತೆ ಪೂರ್ಣ ಹಸ್ತಪ್ರತಿ ಕಳಿಸಿ. ‘ಬರೆಯುತ್ತಾ ಹೋಗುತ್ತೇನೆ’ ಎನ್ನುವ ಸ್ವಾತಂತ್ರ್ಯ ಹೆಸರಾದವರಿಗೆ ಮಾತ್ರ. ಹಬ್ಬದ ಹೊತ್ತಿಗೆ ಪತ್ರಿಕೆಗಳು ಕರೆಯುವ ಸ್ಪರ್ಧೆಗಳನ್ನೂ ಗಮನಿಸುತ್ತಿರಿ.

ಪ್ರಕಾಶಕರ ವಿಷಯದಲ್ಲಿ ನಾನು ಹೇಳುವುದು ಒಂದೇ. ಅಂಗಡಿಗೆ ಹೋಗಿ. ಬೆಂಗಳೂರಿನವರಾದರೆ ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ಯಾವುದಾದರೂ ನವಕರ್ನಾಟಕ ಮಳಿಗೆ. ಬೇರೆ ಊರಿನಲ್ಲಿದ್ದರೆ ಅಲ್ಲಿನ ಕನ್ನಡ ಪುಸ್ತಕದಂಗಡಿ. ನಿಮ್ಮ ಕಾದಂಬರಿಯ ಅಕ್ಕಪಕ್ಕ ನಿಲ್ಲಬಹುದಾದ ಹತ್ತು ಪುಸ್ತಕ ತೆಗೆದು ಹಿಂದಿನ ಪುಟ ನೋಡಿ. ಯಾರು ಪ್ರಕಟಿಸಿದ್ದಾರೆ, ಯಾವ ವರ್ಷ, ಎಷ್ಟನೇ ಮುದ್ರಣ, ಕಾಗದ ಹೇಗಿದೆ, ಕರಡು ತಿದ್ದಿದ್ದಾರೋ ಇಲ್ಲವೋ. ಹೆಗ್ಗೋಡಿನ ಅಕ್ಷರ ಪ್ರಕಾಶನ, 1933ರಿಂದ ನಡೆಯುತ್ತಿರುವ ಧಾರವಾಡದ ಮನೋಹರ ಗ್ರಂಥಮಾಲೆ, ವಸುಧೇಂದ್ರರ ಛಂದ ಪುಸ್ತಕ, ವೀರಲೋಕ, ಸಾವಣ್ಣ ಒಂದೊಂದರ ರುಚಿಯೂ ಬೇರೆ. ಒಂದು ಸಂಸ್ಥೆಯ ಹತ್ತು ಪುಸ್ತಕ ಕೈಯಲ್ಲಿ ಹಿಡಿದರೆ ನಿಮ್ಮದು ಅಲ್ಲಿಗೆ ಹೊಂದುತ್ತದೋ ಇಲ್ಲವೋ ತಾನಾಗಿ ತಿಳಿಯುತ್ತದೆ. ಎಲ್ಲರಿಗೂ ಒಟ್ಟಿಗೇ ಒಂದೇ ಮೇಲ್ ಕಳಿಸುವುದು, ಅದೂ ಎಲ್ಲರ ವಿಳಾಸ ಕಾಣುವಂತೆ ಕಳಿಸುವುದು, ನಾನು ನೋಡಿರುವ ಅತಿ ವೇಗದ ಆತ್ಮಹತ್ಯೆ.

ಉತ್ತರಕ್ಕೆ ಮೂರು ತಿಂಗಳು ಕಾಯಿರಿ, ಆಮೇಲೆ ಒಮ್ಮೆ ವಿನಯದಿಂದ ಕೇಳಿ. ಇನ್ನೂ ಸದ್ದಿಲ್ಲದಿದ್ದರೆ ‘ಹಸ್ತಪ್ರತಿಯನ್ನು ಹಿಂಪಡೆಯುತ್ತಿದ್ದೇನೆ’ ಎಂದು ಎರಡು ಸಾಲು ಬರೆದು ಮುಂದಿನವರಿಗೆ ಕಳಿಸಿ.

ಒಪ್ಪಂದ: ಇಲ್ಲಿ ನಿಧಾನವಾಗಿ ಓದಿ

‘ನಮ್ಮ ನಡುವೆ ಕಾಗದ ಪತ್ರ ಯಾಕೆ?’ ಕನ್ನಡ ಪುಸ್ತಕಲೋಕದಲ್ಲಿ ಇದು ಆತ್ಮೀಯತೆಯ ಮಾತು. ಹೆಚ್ಚಿನ ಸಲ ಅದರಲ್ಲಿ ಕಪಟವೂ ಇರುವುದಿಲ್ಲ. ಆದರೆ ಪ್ರಕಾಶಕರು ಬದಲಾಗುತ್ತಾರೆ, ತೀರಿಕೊಳ್ಳುತ್ತಾರೆ, ಮಕ್ಕಳು ವ್ಯವಹಾರ ವಹಿಸಿಕೊಳ್ಳುತ್ತಾರೆ. ಹತ್ತು ವರ್ಷದ ಮೇಲೆ ನಿಮ್ಮ ಕಾದಂಬರಿ ಯಾರದು ಎಂಬ ಪ್ರಶ್ನೆ ಬಂದಾಗ ಆತ್ಮೀಯತೆಗೆ ಸಾಕ್ಷಿ ಹೇಳಲು ಯಾರೂ ಇರುವುದಿಲ್ಲ.

ಇದಕ್ಕಿಂತ ಅಪಾಯದ್ದು ಅರ್ಧ ಪುಟದ ಒಪ್ಪಂದ. ‘ಈ ಕೃತಿಯ ಸಮಸ್ತ ಹಕ್ಕುಗಳನ್ನೂ ಪ್ರಕಾಶಕರಿಗೆ ವಹಿಸಿಕೊಟ್ಟಿರುತ್ತೇನೆ’ ಎಂಬ ಒಂದೇ ಸಾಲು, ಕೆಳಗೆ ಸಹಿ. ಪ್ರತಿಯಾಗಿ ಐವತ್ತು ಗೌರವ ಪ್ರತಿ, ಒಂದು ಶಾಲು. ‘ಸಮಸ್ತ’ದೊಳಗೆ ಏನೇನಿದೆ ಎಂದು ಯೋಚಿಸಿದ್ದೀರಾ? ಅನುವಾದ, ಇ-ಪುಸ್ತಕ, ಆಡಿಯೊ, ನಾಟಕ, ಸಿನಿಮಾ, ಟಿ.ವಿ. ಧಾರಾವಾಹಿ, ವೆಬ್ ಸರಣಿ. ಬೇರೆ ಬಗೆಯ ಪುಸ್ತಕಕ್ಕೆ ಇವು ದೂರದ ಮಾತಾಗಿರಬಹುದು. ಪ್ರೇಮ ಮತ್ತು ಸಂಸಾರದ ಕಾದಂಬರಿಗಳಿಗೆ ಹಾಗಲ್ಲ, ಅವಕ್ಕೂ ಬೆಳ್ಳಿತೆರೆಗೂ ಹಳೆಯ ನಂಟು. ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು 1967ರಲ್ಲಿ, ಎಂ.ಕೆ. ಇಂದಿರಾರ ‘ಗೆಜ್ಜೆಪೂಜೆ’ಯನ್ನು 1969ರಲ್ಲಿ, ಮತ್ತೆ ತ್ರಿವೇಣಿಯವರದೇ ‘ಶರಪಂಜರ’ವನ್ನು 1971ರಲ್ಲಿ ತೆರೆಗೆ ತಂದರು. ವಾಣಿಯವರ ‘ಎರಡು ಕನಸು’ 1974ರಲ್ಲಿ, ಉಷಾ ನವರತ್ನರಾಂ ಅವರ ‘ಬಂಧನ’ 1984ರಲ್ಲಿ ಚಿತ್ರವಾದವು. ಇವತ್ತು ದಿನಕ್ಕೊಂದು ಕಂತು ಬೇಕಾದ ಟಿ.ವಿ. ವಾಹಿನಿಗಳಿವೆ, ಕಥೆ ಕೇಳಿಸುವ ಆ್ಯಪ್‌ಗಳಿವೆ. ನಾನು ಬಲ್ಲ ಲೇಖಕಿಯೊಬ್ಬರಿಗೆ ಧಾರಾವಾಹಿ ತಂಡದಿಂದ ಫೋನು ಬಂದಾಗ ಅವರು ಹೇಳಬೇಕಾಗಿ ಬಂದದ್ದು ‘ಪ್ರಕಾಶಕರನ್ನು ಕೇಳಿ’ ಎಂದು. ಸಹಿ ಹಾಕಿದ ಕಾಗದದ ಒಂದು ಪ್ರತಿಯೂ ಅವರ ಹತ್ತಿರ ಇರಲಿಲ್ಲ.

ಕಾನೂನು ಲೇಖಕರ ಪರ ಸಾಕಷ್ಟಿದೆ, ನಾವು ಓದುವುದಿಲ್ಲ ಅಷ್ಟೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ತೆಗೆದು ನೋಡಿ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಧನ ಎಂಬುದು ಅದರಲ್ಲಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಅರ್ಥ. ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಪಡೆದುಕೊಂಡ ಹಕ್ಕನ್ನು ಒಂದು ವರ್ಷ ಬಳಸದೇ ಬಿಟ್ಟರೆ, ಒಪ್ಪಂದದಲ್ಲಿ ಬೇರೆ ಹೇಳಿರದಿದ್ದರೆ, ಆ ವರ್ಗಾವಣೆ ಬಿದ್ದುಹೋಗುತ್ತದೆ. ಈ ‘ಬೇರೆ ಹೇಳಿರದಿದ್ದರೆ’ ಎಂಬುದೇ ಕೀಲು. ‘ಹಕ್ಕು ಬಳಸದಿದ್ದರೂ ವರ್ಗಾವಣೆ ಶಾಶ್ವತವಾಗಿ ಊರ್ಜಿತ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಎಲ್ಲ ಹಕ್ಕು ಕೊಟ್ಟ ಮೇಲೂ ಕೃತಿ ನಿಮ್ಮದೆಂದು ಹೇಳಿಕೊಳ್ಳುವ, ಅದನ್ನು ಮಾನ ಹೋಗುವಂತೆ ತಿರುಚಿದರೆ ಪ್ರಶ್ನಿಸುವ ಹಕ್ಕು 57ನೇ ಕಲಮಿನ ಪ್ರಕಾರ ನಿಮ್ಮಲ್ಲೇ ಉಳಿಯುತ್ತದೆ. ಅದು ಹೆಸರಿನ ಹಕ್ಕು, ಹಣದ್ದಲ್ಲ.

ಹಾಗಾದರೆ ಏನೆಂದು ಬರೆಸಬೇಕು? ಹಕ್ಕು ವರ್ಗಾವಣೆ ಬೇಡ, ಪರವಾನಗಿ ಕೊಡಿ. ಒಪ್ಪಂದದ ತಿರುಳು ಹೀಗಿರಲಿ: ಕನ್ನಡದಲ್ಲಿ, ಮುದ್ರಿತ ಪುಸ್ತಕ ರೂಪದಲ್ಲಿ ಪ್ರಕಟಿಸಿ ಮಾರುವ ಪರವಾನಗಿಯನ್ನು ಇಂಥ ದಿನದಿಂದ ಐದು ವರ್ಷಕ್ಕೆ ಕೊಡಲಾಗಿದೆ, ಉಳಿದ ಎಲ್ಲ ಹಕ್ಕುಗಳೂ ಲೇಖಕರಲ್ಲೇ ಇರುತ್ತವೆ. ಇ-ಪುಸ್ತಕ ಮತ್ತು ಆಡಿಯೊ ಮಾಡುವ ವ್ಯವಸ್ಥೆ ಪ್ರಕಾಶಕರಿಗೆ ನಿಜಕ್ಕೂ ಇದ್ದರೆ ಅವನ್ನು ಬೇರೆ ಬೇರೆ ಸಾಲಿನಲ್ಲಿ, ಬೇರೆ ದರದಲ್ಲಿ ಸೇರಿಸಿ. ಸಿನಿಮಾ ಮತ್ತು ಧಾರಾವಾಹಿ ಹಕ್ಕನ್ನು ಸೇರಿಸಲೇಬೇಡಿ. ‘ನಾವು ಮಾತಾಡಿ ಮಾರಿಸಿಕೊಡುತ್ತೇವೆ’ ಎಂದರೆ ಮಾರಿಸಿಕೊಟ್ಟಾಗ ಇಷ್ಟು ಪಾಲು ಎಂದು ಬರೆಯಿರಿ, ಹಕ್ಕು ಕೈದಾಟಿಸಬೇಡಿ.

ರಾಯಧನ ಮುಖಬೆಲೆಯ ಶೇ 10ರ ಆಸುಪಾಸು ಇರುವುದು ವಾಡಿಕೆ. 200 ರೂಪಾಯಿಯ ಪುಸ್ತಕ, 500 ಪ್ರತಿ ಪೂರ್ತಿ ಮಾರಿದರೆ 10,000 ರೂಪಾಯಿ. ದೊಡ್ಡ ಮೊತ್ತವಲ್ಲ. ಹಾಗೆಂದು ಕೇಳದೆ ಇರಬೇಡಿ, ಏಕೆಂದರೆ ರಾಯಧನ ಕೇಳಿದಾಗಲೇ ಎಷ್ಟು ಪ್ರತಿ ಅಚ್ಚಾಯಿತು ಎಂಬ ಲೆಕ್ಕ ಹೊರಬರುತ್ತದೆ. ಮುಖಬೆಲೆಯ ಮೇಲೋ, ರಿಯಾಯಿತಿ ಕಳೆದ ಬೆಲೆಯ ಮೇಲೋ ಎಂಬುದು ಸ್ಪಷ್ಟವಾಗಿರಲಿ. ವರ್ಷಕ್ಕೊಮ್ಮೆ, ತಿಂಗಳ ಹೆಸರು ಹಾಕಿ, ಲೆಕ್ಕಪತ್ರ ಕೊಡುವುದಾಗಿ ಬರೆಸಿ. ಮೊದಲ ಮುದ್ರಣದ ಪ್ರತಿ ಸಂಖ್ಯೆ ನಮೂದಾಗಲಿ. ಮರುಮುದ್ರಣಕ್ಕೆ ಮುನ್ನ ಲಿಖಿತವಾಗಿ ತಿಳಿಸಬೇಕು, ಪ್ರತಿಗಳು ಮುಗಿದು ಆರು ತಿಂಗಳಾದರೂ ಮತ್ತೆ ಅಚ್ಚಾಗದಿದ್ದರೆ ಪರವಾನಗಿ ತಾನಾಗಿ ರದ್ದು ಎಂಬ ಸಾಲು ಮರೆಯಬೇಡಿ. ಹೊಸಬರಿಗೆ ಇದನ್ನೆಲ್ಲ ಕೇಳಲು ಸಂಕೋಚ. ಒಳ್ಳೆಯ ಪ್ರಕಾಶಕರು ಕೇಳಿದವರನ್ನು ಗೌರವಿಸುತ್ತಾರೆ, ಇದು ನಾನು ಕಂಡ ಸತ್ಯ. ಮುಖ ಸಿಂಡರಿಸಿದವರಿಗೆ ಪುಸ್ತಕ ಕೊಡದಿದ್ದರೆ ನಷ್ಟವಿಲ್ಲ.

ಕೊನೆಯ ಕರಡು ಬಂದಾಗ ಕಥೆಯನ್ನಷ್ಟೇ ಓದಿ ಕಳಿಸಬೇಡಿ. ಶೀರ್ಷಿಕೆಯ ಹಿಂಬದಿ ಪುಟದಲ್ಲಿ ‘ಹಕ್ಕುಗಳು: ಲೇಖಕರವು’ ಎಂದಿದೆಯೇ ನೋಡಿ. ಒಪ್ಪಂದದಲ್ಲಿ ಒಂದು, ಇಲ್ಲಿ ‘ಹಕ್ಕುಗಳು: ಪ್ರಕಾಶಕರವು’ ಎಂದು ಇನ್ನೊಂದು ಅಚ್ಚಾದರೆ ಮುಂದೆ ಎಲ್ಲರೂ ನಂಬುವುದು ಅಚ್ಚಾದದ್ದನ್ನೇ.

ಇಲ್ಲೇ ಒಂದು ಮೂಢನಂಬಿಕೆಯನ್ನೂ ಬಿಡಿಸಿಬಿಡುತ್ತೇನೆ. ಕೃತಿಸ್ವಾಮ್ಯ ನೋಂದಣಿ ಮಾಡಿಸದಿದ್ದರೆ ಹಕ್ಕಿಲ್ಲ ಎಂಬುದು ತಪ್ಪು. ನೀವು ಬರೆದ ಕ್ಷಣಕ್ಕೆ ಹಕ್ಕು ನಿಮ್ಮದು. ನೋಂದಣಿ ಸಾಕ್ಷ್ಯಕ್ಕೆ ಒಳ್ಳೆಯದು, ಕಡ್ಡಾಯವಲ್ಲ. ಹಸ್ತಪ್ರತಿಯನ್ನು ನಿಮಗೆ ನೀವೇ ಅಂಚೆಯಲ್ಲಿ ಕಳಿಸಿ ಒಡೆಯದೆ ಇಟ್ಟುಕೊಳ್ಳುವ ಪದ್ಧತಿಯನ್ನು ಬಿಡಿ. ದಿನಾಂಕ ಸಮೇತ ಕರಡುಗಳನ್ನೂ ಮೇಲ್‌ಗಳನ್ನೂ ಕಾಪಾಡಿಕೊಳ್ಳಿ.

ದುಡ್ಡು ನಿಮ್ಮದಾದರೆ

ಪ್ರಕಟಣೆಗೆ ಹಣ ನೀವು ಕೊಡುತ್ತಿದ್ದರೆ ಎದುರಿನವರು ಪ್ರಕಾಶಕರಲ್ಲ, ಮುದ್ರಣ ವ್ಯವಸ್ಥೆ ಮಾಡಿಕೊಡುವವರು. ಇದರಲ್ಲಿ ಅವಮಾನವೇನಿಲ್ಲ, ಲೆಕ್ಕ ಮಾತ್ರ ಬೇರೆ. ಆಗ ಎಲ್ಲ ಪ್ರತಿಗಳೂ ನಿಮ್ಮ ಸ್ವತ್ತು, ಹಕ್ಕಿನ ಮಾತೇ ಬರಕೂಡದು. ‘ನೀವು ಹಣ ಕೊಡಿ, ನೂರು ಪ್ರತಿ ಕೊಡುತ್ತೇವೆ, ಉಳಿದದ್ದು ನಾವು ಮಾರಿಕೊಳ್ಳುತ್ತೇವೆ’ ಎಂಬ ಪ್ಯಾಕೇಜಿಗೆ ಒಪ್ಪುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನೇರವಾಗಿ ಮುದ್ರಣಾಲಯಕ್ಕೇ ಹೋಗಬಹುದು. ಕಾದಂಬರಿಗೆ ಡೆಮಿ ಅಷ್ಟಾಂಶದ ಆಕಾರ, 70 ಜಿಎಸ್‌ಎಂ ಕಾಗದ ಸಾಕು. ಪುಟಗಳನ್ನು 16ರ ಫಾರಂಗಳಲ್ಲಿ ಎಣಿಸುತ್ತಾರೆ. ನಿಮ್ಮದು 200 ಪುಟಕ್ಕೆ ನಿಂತರೆ ಅದು ಹನ್ನೆರಡೂವರೆ ಫಾರಂ. ವಿನ್ಯಾಸದಲ್ಲಿ ಸ್ವಲ್ಪ ಬಿಗಿಮಾಡಿ 192ಕ್ಕೆ ತನ್ನಿ, ಇಲ್ಲವೇ 208ಕ್ಕೆ ಬಿಡಿ. 500ಕ್ಕಿಂತ ಕಡಿಮೆ ಪ್ರತಿ ಸಾಕೆಂದರೆ ಡಿಜಿಟಲ್ ಮುದ್ರಣ ಕೇಳಿ, ಹೆಚ್ಚಾದರೆ ಆಫ್‌ಸೆಟ್. ಮೂರು ಕಡೆ ದರಪಟ್ಟಿ ತನ್ನಿ, ಪ್ರತಿಯೊಂದರಲ್ಲೂ ಪುಟ ವಿನ್ಯಾಸ, ಮುಖಪುಟ, ಬೈಂಡಿಂಗ್, ಸಾಗಣೆ ಸೇರಿದೆಯೇ ಎಂದು ಕೇಳಿ.

ಬೆಲೆ ಇಡುವಾಗ ಅಂಗಡಿಯವರ ರಿಯಾಯಿತಿ ಮರೆಯಬೇಡಿ. ಶೇ 40 ಕೊಟ್ಟರೆ 200 ರೂಪಾಯಿಯ ಪುಸ್ತಕದಿಂದ ನಿಮಗೆ ಬರುವುದು 120. ಪ್ರತಿಯ ಖರ್ಚು 80 ಆಗಿದ್ದರೆ ಉಳಿದ 40ರಲ್ಲಿ ಅಂಚೆ, ಗೌರವ ಪ್ರತಿ, ಮಳಿಗೆಗೆ ಓಡಾಟ, ವಾಪಸ್ ಬಂದ ಪ್ರತಿ ಎಲ್ಲ ನೀಗಬೇಕು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಅದನ್ನೇ ನಂಬಿ ಸಾಲ ಮಾಡಬೇಡಿ.

ಐಎಸ್‌ಬಿಎನ್ ಸಂಖ್ಯೆಯನ್ನು ಹಣ ಕೊಟ್ಟು ಕೊಳ್ಳುವವರು ಇನ್ನೂ ಇದ್ದಾರೆ. ಭಾರತದಲ್ಲಿ ಅದು ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಯ ಜಾಲತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಸಮಯ ಹಿಡಿಯುತ್ತದೆ, ಮುಖಪುಟ ಅಚ್ಚಿಗೆ ಹೋಗುವ ಮುನ್ನಾದಿನ ನೆನಪಾದರೆ ಪ್ರಯೋಜನವಿಲ್ಲ.

ಅಚ್ಚಾದ ಮೇಲೆ

ಪುಟ ತುಂಬುತ್ತಿರುವುದರಿಂದ ಉಳಿದದ್ದು ಚುಟುಕಾಗಿ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಕಾಯ್ದೆ ಹೇಳುವ ಇತರ ಗ್ರಂಥಾಲಯಗಳಿಗೂ ಪ್ರತಿ ಕಳಿಸುವುದು ಪ್ರಕಾಶಕರ ಹೊಣೆ. ನೀವೇ ಪ್ರಕಾಶಕರಾದರೆ ನಿಮ್ಮದು. ಯುವ ಲೇಖಕರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ, ಆದರೆ ಹಸ್ತಪ್ರತಿ ಹಂತದಲ್ಲೇ ಅರ್ಜಿ ಹೋಗಬೇಕು, ವಯೋಮಿತಿಯೂ ಉಂಟು, ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಇ-ಪುಸ್ತಕ, ಆಡಿಯೊ ಹಕ್ಕು ಉಳಿಸಿಕೊಂಡಿದ್ದರೆ ಮೈಲ್ಯಾಂಗ್‌ನಂಥ ಕನ್ನಡದ ವೇದಿಕೆಗಳನ್ನು ನೇರವಾಗಿ ಸಂಪರ್ಕಿಸಿ; ಅಮೆರಿಕ, ಗಲ್ಫ್‌ನ ಕನ್ನಡಿಗರಿಗೆ ಪುಸ್ತಕ ಬೇಗ ಮುಟ್ಟುವುದು ಆ ದಾರಿಯಲ್ಲೇ. ವಿಮರ್ಶೆಗೆ ಪತ್ರಿಕೆಗಳಿಗೆ ಪ್ರತಿ ಕಳಿಸಿ ಸುಮ್ಮನಿರಿ, ಫೋನ್ ಮಾಡಬೇಡಿ.

ಇನ್ನು ಬಿಡುಗಡೆ ಸಮಾರಂಭ. ಅದಕ್ಕೆಂದು ಎತ್ತಿಟ್ಟ ಹಣದಲ್ಲಿ ಅರ್ಧವನ್ನು ಕರಡು ತಿದ್ದುವವರಿಗೆ ಕೊಡಿ. ಹಾರ, ಶಾಲು, ಹಣ್ಣಿನ ಬುಟ್ಟಿ ಕಡಿಮೆಯಾದರೆ ಯಾರೂ ಗಮನಿಸುವುದಿಲ್ಲ. ನಾಯಕಿಯ ಹೆಸರು ಮೂರು ಬಗೆಯಲ್ಲಿ ಅಚ್ಚಾಗಿದ್ದರೆ ಎಲ್ಲರೂ ಗಮನಿಸುತ್ತಾರೆ.